ಯಾರ್ಕ್‌ಶೈರಿನ ಮೇಜಿನ ಮೇಲೆ ಸಾವನದುರ್ಗ

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಅರಮನೆ ನೋಡಿದೆ, ಸೇತುವೆ ನೋಡಿದೆ, ರಾಣಿಯ ಕಾವಲುಗಾರರ ಕರಡಿ ಟೋಪಿ ನೋಡಿದೆ ಎನ್ನುತ್ತಾರೆ. ನಾನು ನೋಡಿದ್ದು ಒಂದು ಚರ್ಚಿನ ಹಿಂದಿನ ಹಾಲ್. ಅದರೊಳಗೆ ಜೋಡಿಸಿಟ್ಟ ನಾಲ್ಕಾರು ಮೇಜು, ಅವುಗಳ ಮೇಲೆ ಹಸಿರು ಬಟ್ಟೆ, ಬಟ್ಟೆಯ ನಡುವೆ ಬೂದು ಬಣ್ಣದ ಒಂದು ಗುಡ್ಡ. ಆ ಗುಡ್ಡ ನಮ್ಮ ಮಾಗಡಿಯ ಸಾವನದುರ್ಗ. ಅಷ್ಟು ದೂರ ವಿಮಾನ ಹತ್ತಿ ಹೋಗಿ ನಮ್ಮೂರಿನ ಬೆಟ್ಟವನ್ನೇ ನೋಡಿ ಬಂದವಳು ಎಂದು ನನ್ನ ಜೊತೆಯ ಟೀಚರುಗಳು ಇವತ್ತಿಗೂ ನಗುತ್ತಾರೆ. ನಗಲಿ. ದೊಡ್ಡಮ್ಮ ಹೋದ ಮೇಲೆ ಆ ಪ್ರವಾಸ ನನಗೆ ಮೊದಲಿಗಿಂತ ಹೆಚ್ಚಾಗಿ ನೆನಪಾಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಗಡಿ, ಹೊರಡುವ ಮೊದಲು

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ನನ್ನ ತಾಯಿ ನಾನು ಕೂಸಾಗಿದ್ದಾಗಲೇ ತೀರಿಕೊಂಡಳು. ಹಾಗಾಗಿ ನನ್ನನ್ನು ಸಾಕಿದವಳು, ಬೈದವಳು, ಶಾಲೆಗೆ ಅಟ್ಟಿದವಳು ಎಲ್ಲ ದೊಡ್ಡಮ್ಮನೇ. ದೊಡ್ಡಪ್ಪನಿಗೆ ಎತ್ತಿನ ಗಾಡಿಗಳಿದ್ದವು. ಕಾಡಿನ ಹಾಲೆ ಮರ ತುಂಬಿಕೊಂಡು ರಾಮನಗರದ ಮೇಲೆ ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಮಾಡುವವರಿಗೆ ಇಳಿಸಿ ಬರುತ್ತಿದ್ದ. ಊರಿನವರು ನಮ್ಮನ್ನು ಗಾಡಿ ಮನೆಯವರು ಎನ್ನುತ್ತಿದ್ದರು. ಅದಕ್ಕೆ ದೊಡ್ಡಪ್ಪನ ಗಾಡಿಗಳೇ ಕಾರಣ ಎಂದು ನಾನು ನಂಬಿದ್ದೆ.

ದೊಡ್ಡಪ್ಪ ಚನ್ನಪಟ್ಟಣದಿಂದ ಬರಿಗೈಯಲ್ಲಿ ಬರುತ್ತಿರಲಿಲ್ಲ. ಮಾರಾಟಕ್ಕೆ ಬಾರದ ಗೊಂಬೆಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಕತ್ತು ಓರೆಯಾದ ಸಿಪಾಯಿ, ಅರಗಿನ ಬಣ್ಣ ಗುಳ್ಳೆ ಎದ್ದ ಆನೆ, ಒಂದು ಕಾಲು ಗಿಡ್ಡವಾದ ಎತ್ತು. ನಮ್ಮ ಬೀದಿಯಲ್ಲಿ ಗೊಂಬೆ ಕೂರಿಸುವ ರೂಢಿ ಇರಲಿಲ್ಲ. ಆದರೆ ದಸರಾ ಬಂದಾಗ ಮೇಷ್ಟ್ರ ಮನೆಯಲ್ಲಿ ಪಟ್ಟದ ಗೊಂಬೆ ಕೂರಿಸಿದ್ದನ್ನು ನೋಡಿ ಬಂದ ದೊಡ್ಡಮ್ಮ, "ನಮ್ತಾವೂ ಗೊಂಬೆ ಅವೆ, ನಾವ್ಯಾಕೆ ಕೂರಿಸ್ಬಾರ್ದು?" ಎಂದಳು. ರಾಜ ರಾಣಿ ನಮ್ಮ ಬಳಿ ಇರಲಿಲ್ಲ. ಇದ್ದದ್ದು ಸೊಟ್ಟ ಕತ್ತಿನ ಸಿಪಾಯಿಗಳು. ಸಿಪಾಯಿಗಳಿದ್ದ ಮೇಲೆ ಯುದ್ಧವೇ ಆಗಬೇಕು. ಯುದ್ಧವೆಂದ ಮೇಲೆ ದೊಡ್ಡಮ್ಮನಿಗೆ ಗೊತ್ತಿದ್ದದ್ದು ಒಂದೇ, ಸಾವನದುರ್ಗದ್ದು.

ದೊಡ್ಡಮ್ಮನ ತವರು ಆ ಬೆಟ್ಟದ ಬುಡದ ಹಳ್ಳಿ. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟ ಬಿಳಿಯರು ಹಿಂದಿನಿಂದ ಯಾರೂ ದವಸ ತಡೆಯದಿರಲಿ ಎಂದು ದಾರಿಯ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದರಷ್ಟೆ. ಸಾವನದುರ್ಗವನ್ನು ಹಿಡಿಯಲು ಆಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಬಿದಿರು ಮೆಳೆ ಕಡಿದು, ಎತ್ತು ಆನೆ ಕಟ್ಟಿ ಫಿರಂಗಿ ಎಳೆಸಿ, ಗೋಡೆ ಒಡೆದು ನುಗ್ಗಿಬಿಟ್ಟರು. ಆ ದಿನ ಕೋಟೆ ಬಾಗಿಲಲ್ಲಿ ಸತ್ತವರಲ್ಲಿ ತನ್ನ ತವರಿನ ಹಿರೀಕನೊಬ್ಬ ಇದ್ದ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಮಾಲಯ ಅಮಾವಾಸ್ಯೆಯಲ್ಲಿ ಅವಳ ತವರಿನವರು ಅವನಿಗೂ ಒಂದು ಎಡೆ ಇಡುತ್ತಿದ್ದರು. ಮಾರನೆಯ ದಿನ ನಮ್ಮ ಮನೆಯಲ್ಲಿ ಗೊಂಬೆ ಏರುತ್ತಿದ್ದವು.

ಸ್ವಾತಂತ್ರ್ಯ ಬಂದು ಇನ್ನೂ ಹೊಸತು. ರಾಮನಗರವನ್ನು ದೊಡ್ಡವರು ಬಿಳಿಯರ ಕಾಲದ ಹೆಸರಿನಿಂದ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದ ಕಾಲ. ನಾವು ಮಕ್ಕಳು ದಿನವೂ ಸಂಜೆ ಗೊಂಬೆಯ ಮುಂದೆ ಕೂರುತ್ತಿದ್ದೆವು. ದೊಡ್ಡಮ್ಮ ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳುವಳು. ಆಮೇಲೆ ದಿನಕ್ಕೊಬ್ಬರಂತೆ ನಮ್ಮ ಸರದಿ. ಒಂದೇ ಗೊಂಬೆ ಜರುಗಿಸಬಹುದು. ಜರುಗಿಸಿದ ಮೇಲೆ ಏನಾಗುತ್ತಿತ್ತು ಎಂದು ಹೇಳಬೇಕು. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರಬೇಕು.

ಒಬ್ಬ ಹುಡುಗ ಫಿರಂಗಿಯನ್ನು ಎತ್ತಿ, "ಕೆರೆಗೆ ಹಾಕ್ದೆ" ಎಂದ.

"ಅಲ್ಲಿ ಕೆರೆ ಎಲ್ಲೈತ್ಲಾ?" ಎಂದು ದೊಡ್ಡಮ್ಮ ಗದರಿದಳು. "ಇಲ್ದಿರೋ ಕತೆ ಹೇಳೋನ್ಗೆ ಇದ್ದದ್ದು ಸರಿಯಾಗಿ ಗೊತ್ತಿರ್ಬೇಕು. ನೆಲ ಗಟ್ಟಿ ಇದ್ರೆ ತಾನೇ ಕುಣಿಯೋದು?"

ಕನಕಪುರದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಚರಿತ್ರೆ ಪಾಠ ಮಾಡಿದೆ. ಇದಕ್ಕಿಂತ ಒಳ್ಳೆಯ ಮಾತು ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನನ್ನ ಸರದಿ ಬಂದಾಗಲೆಲ್ಲ ನಾನು ಜರುಗಿಸುತ್ತಿದ್ದದ್ದು ಫಿರಂಗಿ ಗಾಡಿಯ ಎತ್ತು ಹೊಡೆಯುವವನನ್ನು. ಅವನಿಲ್ಲದಿದ್ದರೆ ಫಿರಂಗಿ ಬಿದಿರು ಮೆಳೆಯಲ್ಲೇ ಕೂರುತ್ತದೆ, ಗೋಡೆ ಒಡೆಯುವುದಿಲ್ಲ, ಕೋಟೆ ನಿಲ್ಲುತ್ತದೆ. ಇಷ್ಟು ಸುಲಭದ ಲೆಕ್ಕ ಬೇರೆಯವರಿಗೆ ಯಾಕೆ ಹೊಳೆಯುವುದಿಲ್ಲ ಎಂದು ನನಗೆ ಜಂಭ. ದೊಡ್ಡಮ್ಮ ದೀಪ ಹಚ್ಚಲು ಬಂದವಳು ಅವನನ್ನು ಮತ್ತೆ ಅವನ ಕುಂಟೆತ್ತಿನ ಪಕ್ಕಕ್ಕೆ ತಂದಿಡುವಳು. ಮುಂದೆ ಒಂದು ಹಿಡಿ ಹುರುಳಿ ಹಾಕುವಳು. ಎತ್ತಿಗೆ ಹುರುಳಿ ಅಂತ ನಾವು ತಿಳಿದಿದ್ದೆವು.

ಕೊನೆಯ ದಿನ ದೊಡ್ಡಮ್ಮನ ಸರದಿ. ಒಂದು ವರ್ಷ ಬಾಗಿಲ ಕಾವಲಿನವನನ್ನು ಗೋಡೆ ಒಡೆಯುವ ಕಡೆಗೆ ಜರುಗಿಸಿದರೆ ಇನ್ನೊಂದು ವರ್ಷ ಆನೆಯನ್ನು, ಮತ್ತೊಂದು ವರ್ಷ ಮದ್ದಿನ ಪೀಪಾಯಿಯನ್ನು. ಪ್ರತಿ ಸಲವೂ ಕೋಟೆ ನಿಲ್ಲುತ್ತಿತ್ತು. ನಾವು ಕೇಕೆ ಹಾಕುತ್ತಿದ್ದೆವು. ಅವಳು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು ಇಡೀ ಸಾಲನ್ನು ಒಮ್ಮೆ ನೋಡಿ, "ಊಹೂಂ, ಆಗ್ಲಿಲ್ಲ" ಎಂದು ಗೊಂಬೆಗಳನ್ನು ಬಟ್ಟೆಗೆ ಸುತ್ತತೊಡಗುತ್ತಿದ್ದಳು. ಕೋಟೆ ನಿಂತಿದೆಯಲ್ಲ, ಇನ್ನೇನಾಗಬೇಕಿತ್ತು ಇವಳಿಗೆ ಎಂದು ನಮಗೆ ಸೋಜಿಗ. ಆದರೆ ಉಸಲಿ ಹಂಚುವ ಹೊತ್ತಿಗೆ ಯಾರಿಗೆ ಅದರ ಯೋಚನೆ?

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಸಾವನದುರ್ಗ ಬೀಳದೇ ಹೋಗಿದ್ದರೆ ಎಂದು ಒಂದು ಕಾದಂಬರಿ ಶುರು ಮಾಡಿದೆ. ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕಂತೆ. ನಾನು ಉಮೇದಿನಲ್ಲಿ ಸುಲ್ತಾನನ ಕಾಲಕ್ಕೇ ರೈಲು ಬಿಟ್ಟೆ, ಮಂಗಳೂರಿನಲ್ಲಿ ಯುದ್ಧದ ಹಡಗು ಕಟ್ಟಿಸಿದೆ, ಕ್ಲೋಸ್‌ಪೇಟೆ ಎಂಬ ಹೆಸರೇ ಹುಟ್ಟದ ಹಾಗೆ ನೋಡಿಕೊಂಡೆ. ಓದಿ ಹೇಳಿದಾಗ ದೊಡ್ಡಮ್ಮ ಎಲೆಅಡಿಕೆ ಜಗಿಯುತ್ತ ಕೇಳಿ, "ಎಲ್ಲಾನೂ ಜರುಗಿಸ್ಬುಟ್ಟಿದ್ದೀಯಲ್ಲೇ. ಇದು ಕತೆಯಲ್ಲ ಕಣವ್ವ, ಮನೆ ಖಾಲಿ ಮಾಡೋದು" ಎಂದಳು. ಕಾದಂಬರಿ ಅಲ್ಲೇ ನಿಂತಿತು.

ಆ ಸಮಯಕ್ಕೆ ಡೆನಿಸ್ ಎಂಬ ಇಂಗ್ಲಿಷಿನವನ ಪರಿಚಯವಾಗಿತ್ತು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಳೆಯ ಯುದ್ಧಗಳ ಹುಚ್ಚು. ಫಿರಂಗಿ ಇಟ್ಟ ಜಾಗ ಹುಡುಕಿಕೊಂಡು ಮಾಗಡಿಗೆ ಬಂದವನಿಗೆ ಬೆಟ್ಟ ತೋರಿಸಿದವಳು ನಾನು, ಮುದ್ದೆ ಸಾರು ಬಡಿಸಿದವಳು ದೊಡ್ಡಮ್ಮ. ಅವನ ಊರಿನಲ್ಲಿ ಗಂಡಸರ ಒಂದು ಕ್ಲಬ್ ಇದೆಯಂತೆ. ಸಣ್ಣ ಸಿಪಾಯಿ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಹಿಂದೆ ನಡೆದ ಯುದ್ಧಗಳನ್ನು ಮತ್ತೆ ಆಡುತ್ತಾರಂತೆ. "ಗಡ್ಡ ಬಂದ ಮೇಲೂ ಗೊಂಬೆ ಕೂರಿಸ್ತಾರಾ?" ಎಂದು ದೊಡ್ಡಮ್ಮ ಹಿಗ್ಗಿಹೋದಳು. ಸಾವನದುರ್ಗ ಆಡುತ್ತೇವೆ, ಕೋಟೆಯ ಕಡೆಯಿಂದ ಆಡಲು ನೀವು ಬನ್ನಿ ಎಂದು ಡೆನಿಸ್ ಕರೆದಾಗ ನನಗಿಂತ ಮೊದಲು ಹೂಂ ಎಂದವಳು ಅವಳೇ.

ಹೊರಡುವ ದಿನ ಗೊಂಬೆಗಳ ಗಂಟು ನನ್ನ ಮಡಿಲಿಗೆ ಹಾಕಿದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಒಂದೊಂದನ್ನೂ ಬೆರಳಲ್ಲಿ ತಡವಿ ಗುರುತು ಹಿಡಿದಿದ್ದಳು.

"ಐವತ್ತು ವರ್ಸದಿಂದ ನಂಗಾಗ್ಲಿಲ್ಲ, ಸರೋಜಿ. ಅವ್ರು ಆ ಯುದ್ಧ ಮಾಡಿದೋರ ವಂಸ. ಅವ್ರಿಗೇನಾದ್ರೂ ಹೊಳಿಬೋದು. ಒಂದ್ ದಪ ಅವ್ರ ಎದುರಿಗೆ ಕೂರ್ಸಿ ನೋಡ್ಕೊಂಡ್ ಬಾ."

"ಕೋಟೆ ನಿಲ್ಲಿಸಿಯೇ ಬರುತ್ತೇನೆ ಬಿಡು," ಎಂದೆ.

"ಕೋಟೆ ನಿಲ್ಬೇಕು," ಎಂದಳು. ಇನ್ನೂ ಏನೋ ಹೇಳುವವಳಂತೆ ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು, ನಾನು ಓಡಿದೆ.

ಲಂಡನ್ ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಕೋಡುಬಳೆ, ಉಪ್ಪಿನಕಾಯಿ, ಒಂದು ಸೈನ್ಯ ಇದ್ದವು. ಅಧಿಕಾರಿ ಉಪ್ಪಿನಕಾಯಿಗೆ ಮೂಗು ಸುಕ್ಕಿಸಿ, ಸಿಪಾಯಿಗಳನ್ನು ಒಬ್ಬೊಬ್ಬರಾಗಿ ಮೇಜಿನ ಮೇಲೆ ನಿಲ್ಲಿಸಿದ. ಇವೇನು ಎಂದು ಕೇಳಿದ. ಸುಲ್ತಾನನ ಸೈನ್ಯ, ನಿಮ್ಮವರ ಮೇಲೆ ಯುದ್ಧಕ್ಕೆ ಬಂದಿದೆ ಎಂದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಅವನು ನಗಲಿಲ್ಲ. ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಆನೆಯನ್ನು ಮೂಸಿ ನೋಡಿ, ಇದು ಮರದ ಮೇಲೆ ಅರಗು, ನನ್ನ ಅಜ್ಜನ ಕುರ್ಚಿಗೂ ಇದೇ ವಾಸನೆ ಎಂದು ಬಿಟ್ಟುಕಳಿಸಿದ. ಪುಣ್ಯಾತ್ಮ.

ಡೆನಿಸನ ಮನೆ

ರೈಲಿನಲ್ಲಿ ಉತ್ತರಕ್ಕೆ ಹೋದಷ್ಟೂ ನೆಲ ಏರಿಳಿಯುತ್ತಾ ಬಂತು. ಕಲ್ಲಿನ ಗೋಡೆ, ಕುರಿ, ಮತ್ತೆ ಕಲ್ಲಿನ ಗೋಡೆ. ನಮ್ಮ ರಾಮನಗರದ ಬಂಡೆಗಳನ್ನು ಕಂಡವಳಿಗೆ ಅವರ ಬೆಟ್ಟಗಳು ಬೆಟ್ಟ ಅನ್ನಿಸಲಿಲ್ಲ, ಯಾರೋ ಹಾಸಿಗೆ ಮಡಿಸದೆ ಎದ್ದು ಹೋದ ಹಾಗಿದ್ದವು. ಡೆನಿಸ್ ಮತ್ತು ಅವನ ಹೆಂಡತಿ ಮೇರಿ ಬಹಳ ಒಳ್ಳೆಯವರು. ಒಂದೇ ತೊಂದರೆ, ಅವರು ಊಟಕ್ಕೆ ಬಲವಂತ ಮಾಡುವುದಿಲ್ಲ. ಇನ್ನೊಂದು ಬೇಕಾ ಎಂದು ಮೇರಿ ಒಂದು ಸಲ ಕೇಳಿದಳು. ನಾನು ನಮ್ಮೂರ ಮರ್ಯಾದೆಗೆ ಬೇಡ ಎಂದೆ. ಅವಳು ತಟ್ಟೆ ಎತ್ತಿಕೊಂಡು ಹೋಗೇಬಿಟ್ಟಳು. ಮಾಗಡಿಯಲ್ಲಿ ಬೇಡ ಎಂದರೆ ಎರಡನೇ ಮುದ್ದೆ ಬರುತ್ತದೆ. ಅಲ್ಲಿ ಬೇಡ ಎಂದರೆ ಬೇಡ. ಆ ರಾತ್ರಿ ಕೋಡುಬಳೆಯೇ ಗತಿ. ಮಾರನೆಯ ದಿನದಿಂದ ಒಂದೇ ಏಟಿಗೆ ಬೇಕು ಎನ್ನುವುದನ್ನು ಕಲಿತೆ.

ಸೆಪ್ಟೆಂಬರಿನಲ್ಲೇ ಅಲ್ಲಿ ಚಳಿ. ಪ್ರಯಾಣದಲ್ಲಿ ಉಪ್ಪಿನಕಾಯಿಯ ಎಣ್ಣೆ ಸೋರಿ ಒಂದಿಷ್ಟು ಗೊಂಬೆಗಳಿಗೆ ಮೆತ್ತಿಕೊಂಡಿತ್ತು. ನಾನು ಸ್ನಾನಕ್ಕೆ ಹೋದಾಗ ಮೇರಿ ಅವುಗಳನ್ನು ಸೋಪಿನಲ್ಲಿ ತೊಳೆದು, ಪಾಪ, ಒಣಗಲಿ ಎಂದು ಗೋಡೆಯ ರೇಡಿಯೇಟರಿನ ಮೇಲೆ ಸಾಲಾಗಿ ಇಟ್ಟಿದ್ದಳು. ಅರಗು ಮೆದುವಾಗುವುದು ಬಿಸಿಗೇ ಎನ್ನುವುದು ಚನ್ನಪಟ್ಟಣದ ಕೂಸಿಗೂ ಗೊತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಬಂದು ನೋಡುವಷ್ಟರಲ್ಲಿ ಗಾಡಿ ಹೊಡೆಯುವವನು ತನ್ನ ಕುಂಟೆತ್ತಿನ ಮೇಲೆ ಒರಗಿ ಅಂಟಿಕೊಂಡುಬಿಟ್ಟಿದ್ದ. ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುವಂತಿತ್ತು.

ಮೇರಿ ಕೆನ್ನೆಗೆ ಕೈ ಇಟ್ಟು ಸಾರಿ, ಸಾರಿ ಎಂದು ಇಡೀ ದಿನ ಹೇಳುತ್ತಲೇ ಇದ್ದಳು. ಆ ದೇಶದಲ್ಲಿ ಕಾಲು ತುಳಿದವರೂ ಸಾರಿ ಎನ್ನುತ್ತಾರೆ, ತುಳಿಸಿಕೊಂಡವರೂ ಸಾರಿ ಎನ್ನುತ್ತಾರೆ. ಹೋಗಲಿ ಬಿಡಮ್ಮ, ಇಷ್ಟು ವರ್ಷ ಜೊತೆಗಿದ್ದವರು ಈಗ ಗಟ್ಟಿಯಾಗಿ ಜೊತೆಯಾದರು ಎಂದು ಸಮಾಧಾನ ಮಾಡಿದೆ. ಆದರೆ ಒಳಗೊಳಗೆ ನನಗೂ ಬೇಜಾರಾಗಿತ್ತು. ದೊಡ್ಡಮ್ಮನ ಬೆರಳು ತಡವಿದಾಗ ಏನನ್ನುತ್ತಾಳೋ ಎಂದು ಭಯವೂ ಆಗಿತ್ತು.

ಚರ್ಚಿನ ಹಾಲ್, ಶನಿವಾರ

ಹಾಲಿನೊಳಗೆ ಕಾಲಿಟ್ಟಾಗ ನಾನು ಒಂದು ಗಳಿಗೆ ಬಾಗಿಲಲ್ಲೇ ನಿಂತೆ. ಬೆಟ್ಟದ ಎರಡು ತಲೆಗಳಾದ ಕರಿಗುಡ್ಡ, ಬಿಳಿಗುಡ್ಡ, ನಡುವಿನ ಕಂದರ, ಬುಡದ ಬಿದಿರು ಮೆಳೆ ಎಲ್ಲವೂ ಇತ್ತು. ಬಿದಿರಿಗೆ ಅವರು ಹಲ್ಲುಜ್ಜುವ ಬ್ರಶ್ಶಿನ ಕೂದಲಿಗೆ ಹಸಿರು ಬಳಿದು ನೆಟ್ಟಿದ್ದರು. ನಮ್ಮ ಗೊಂಬೆಹಬ್ಬದಲ್ಲಿ ರಾಗಿ ಪೈರು ಮೊಳಕೆ ಬರಿಸಿ ಕಾಡು ಮಾಡುತ್ತಿದ್ದದ್ದು ನೆನಪಾಯಿತು. ನರೆತ ತಲೆಯ ಗಂಡಸರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೆರಳುಗುರಿನಷ್ಟು ಸಿಪಾಯಿಗಳನ್ನು ನಿಲ್ಲಿಸುತ್ತಿದ್ದರು. ಹೆಂಗಸರಲ್ಲಿ ನಾನೊಬ್ಬಳೇ. ಸೀರೆ, ಮೇಲೆ ಸ್ವೆಟರು, ಕಾಲಿಗೆ ಸಾಕ್ಸು ಹಾಕಿದ ಸುಲ್ತಾನನ ಕಿಲ್ಲೇದಾರಳು.

ನನ್ನ ಎದುರಾಳಿಯ ಹೆಸರು ಆರ್ಥರ್. ಉದ್ದ ಕಾಲಿನ, ಮಾತು ಕಡಿಮೆಯ ಮನುಷ್ಯ, ಹಿಂದೆ ಬಸ್ ಡ್ರೈವರ್ ಆಗಿದ್ದನಂತೆ. ಅವನು ಸೀಸದ ಸೈನ್ಯ ಪಕ್ಕಕ್ಕಿಟ್ಟು ನನ್ನ ಚನ್ನಪಟ್ಟಣದ ಸಿಪಾಯಿಗಳನ್ನು ನೋಡಿ, ಇವತ್ತು ಇವರೇ ಆಡಲಿ ಎಂದ. ಮೇಜಿನ ಗುಡ್ಡಕ್ಕೆ ನಮ್ಮ ಸಿಪಾಯಿಗಳು ಭೀಮಸೇನರಂತೆ ಕಂಡರು. ಯಾರೂ ನಗಲಿಲ್ಲ.

ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆ ಆಡಿದರು. ಮಧ್ಯಾಹ್ನದ ಸ್ಯಾಂಡ್‌ವಿಚ್ ಆದ ಮೇಲೆ ಡೆನಿಸ್ ಎದ್ದು, "ಈಗ ಒಂದು ಬದಲಾವಣೆ. ಒಂದೇ ಒಂದು. ಅದು ಆಗಬಹುದಾಗಿದ್ದದ್ದಾಗಿರಬೇಕು. ಮಿಕ್ಕಿದ್ದೆಲ್ಲ ಇದ್ದ ಹಾಗೇ," ಎಂದ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಈ ನಿಯಮ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ, ಆಡಿ ಆಡಿ ಗೊತ್ತಾಗಿದ್ದು ಎಂದ ಡೆನಿಸ್. ಬದಲಾವಣೆ ಹೆಚ್ಚಾದರೆ ಯಾರು ಬೇಕಾದರೂ ಗೆಲ್ಲಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ಒಂದನ್ನೇ ಬದಲಿಸಿದರೆ, ನಿಜವಾಗಿ ನಡೆದದ್ದರಲ್ಲಿ ಯಾವ ಗಂಟು ಎಲ್ಲಿತ್ತು ಎಂದು ಗೊತ್ತಾಗುತ್ತದೆ. ನಡೆಯದ ಕತೆಯನ್ನು ಕಟ್ಟುವುದು ನಡೆದದ್ದನ್ನು ತಿಳಿಯುವುದಕ್ಕೇ ಎಂದು ಅವನು ಹೇಳುತ್ತಿದ್ದರೆ ನನಗೆ ಕುಕ್ಕರಗಾಲಲ್ಲಿ ಕೂತ ದೊಡ್ಡಮ್ಮ ಕಾಣುತ್ತಿದ್ದಳು. ಸಮುದ್ರದ ಆಚೆ ಈಚೆ ಒಬ್ಬರನ್ನೊಬ್ಬರು ಕೇಳದೆ ಎರಡು ಮನೆಯವರು ಒಂದೇ ಸಾರು ಮಾಡಿದ್ದರು.

ನನ್ನ ಸರದಿ ಬಂತು. ಕೈ ತಾನಾಗಿ ಹಳೆಯ ಜಾಗಕ್ಕೇ ಹೋಯಿತು. ಗಾಡಿ ಹೊಡೆಯುವವನನ್ನು ಹಿಡಿದು ಎತ್ತಿದೆ. ಅವನ ಜೊತೆ ಎತ್ತೂ ಬಂತು.

"ಎರಡು ಗೊಂಬೆ," ಎಂದ ಆರ್ಥರ್.

"ಒಂದೇ. ಅಂಟಿಕೊಂಡಿದೆ," ಎಂದೆ.

ದೊಡ್ಡ ಚರ್ಚೆಯಾಯಿತು. ಕೊನೆಗೆ, ಎತ್ತಿಲ್ಲದ ಗಾಡಿಯವನೂ ಗಾಡಿಯವನಿಲ್ಲದ ಎತ್ತೂ ಲೆಕ್ಕಕ್ಕಿಲ್ಲವಾದ್ದರಿಂದ ಒಂದೇ ಎಂದು ತೀರ್ಮಾನಿಸಿದರು. ಅವನು ಬಿದಿರು ಮೆಳೆಯಲ್ಲಿ ದಾರಿ ಬಿಟ್ಟು ಓಡಿಹೋದ ಎಂದು ನಾನು ಹೇಳಿದೆ. ಅಂಥವರು ಬಹಳ ಜನ ಓಡಿಹೋಗುತ್ತಿದ್ದರು ಎಂದು ಆರ್ಥರನೇ ಒಪ್ಪಿದ. ಮುಂದಿನ ಎತ್ತು ನಿಂತಿತು, ಹಿಂದಿನವು ಒಂದರ ಮೇಲೊಂದು ಬಿದ್ದವು, ದೊಡ್ಡ ಫಿರಂಗಿ ಮೆಳೆಯಲ್ಲಿ ಕೂತಿತು. ದಾಳವೂ ನನ್ನ ಕಡೆಗಿತ್ತು. ಟೀ ಹೊತ್ತಿಗೆ ಕೋಟೆ ನಿಂತಿತು. ಗಂಡಸರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಆರ್ಥರ್ ನನ್ನ ಕೈ ಕುಲುಕಿದ. ನಾನು ಅತ್ತೆ, ಸಂಕೋಚವಿಲ್ಲದೆ ಅತ್ತೆ.

ಭಾನುವಾರ

ಬೆಳಿಗ್ಗೆ ಮಾಗಡಿಗೆ ಫೋನ್ ಮಾಡಿದೆ. ನಮ್ಮ ಮನೆಯ ಪಕ್ಕದ ಎಸ್‌ಟಿಡಿ ಬೂತಿನವರು ದೊಡ್ಡಮ್ಮನನ್ನು ಕರೆದುಕೊಂಡು ಬಂದರು. ಅಲ್ಲಿ ಆಗಲೇ ಮಧ್ಯಾಹ್ನವಾಗಿತ್ತು.

"ದೊಡ್ಡಮ್ಮ, ಗೆದ್ದೆ! ಕೋಟೆ ನಿಂತಿತು!"

"ಹೌದಾ ಮಗ? ಯಾವ್ ಗೊಂಬೆ ಜರುಗಿಸ್ದೆ?"

"ಇನ್ಯಾವುದು? ಗಾಡಿ ಹೊಡೆಯೋನನ್ನ. ಓಡಿಸಿಬಿಟ್ಟೆ."

ಲೈನು ಕಡಿದುಹೋಯಿತೇನೋ ಎಂದು ಹಲೋ ಹಲೋ ಎಂದೆ.

"ಅವನ್ನ್ಯಾಕೆ ಓಡಿಸ್ದೆ ಸರೋಜಿ? ಅವ್ನು ನಮ್ಮೋನು ಕಣೇ."

"ನಮ್ಮೋನು ಅಂದರೆ?"

"ನಿಮ್ಮ ವಂಸದ ಹಿರೀಕ. ಬಿಳಿಯೋರ ಫಿರಂಗಿ ಎಳ್ಯಕ್ಕೆ ಎತ್ತು ಹೊಡ್ಕೊಂಡು ಗಟ್ಟದ ಕೆಳಗ್ಲ ಸೀಮೆಯಿಂದ ಬಂದೋನು. ಕೋಟೆ ಬಿತ್ತು, ದಂಡು ಮುಂದುಕ್ಕೆ ಹೋಯ್ತು. ಇವನೆತ್ತು ಕುಂಟಾಗಿತ್ತು. ಅದ್ನ ಬುಟ್ಟು ಹೋಗಕ್ಕೆ ಮನ್ಸಾಗ್ದೆ ಬೆಟ್ಟದ ಬುಡದಲ್ಲೇ ಉಳ್ಕಂಡ. ಇಲ್ಲೇ ಹೆಣ್ಣು ತಂದ್ಕಂಡ. ಅವನಿಂದ್ಲೇ ಅಲ್ವಾ ಗಾಡಿ ಮನೆ ಅನ್ನೋದು? ನಮ್ಮತ್ತೆ ಹೇಳಿದ್ರು."

ನಾನು ಮೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕುಂಟೆತ್ತು. ಒಂದು ಹಿಡಿ ಹುರುಳಿ. ಚರಿತ್ರೆಯ ಟೀಚರು ನಾನು!

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಆಗ ಸ್ವಾತಂತ್ರ ಬಂದ ಹೊಸ್ದು. ಬಿಳಿಯೋರ ಫಿರಂಗಿ ಎಳ್ದೋರ ಮನೆ ಅಂದ್ರೆ ಊರೋರು ಸುಮ್ಕಿರ್ತಿದ್ರಾ? ಬಾಯಿ ಬುಡಬ್ಯಾಡ ಅಂತ ನಿಮ್ ದೊಡ್ಡಪ್ಪ ಅಂದಿದ್ರು. ಅವ್ರು ಹೋದ್ಮೇಲೂ ಹೇಳಕ್ಕೆ ನಂಗೇ ಬಾಯಿ ಬರ್ಲಿಲ್ಲ."

"ಹಾಗಾದರೆ ನೀನು ಪ್ರತಿವರ್ಷ ಆಗಲಿಲ್ಲ ಅನ್ನುತ್ತಿದ್ದದ್ದು..."

"ಕೋಟೆ ನಿಂತ್ರೆ ದಂಡು ವಾಪಸ್ ಹೋಯ್ತದೆ. ದಂಡಿನ ಜೊತೆ ಅವ್ನೂ ಹೊಂಟೋಯ್ತಾನೆ. ಆಗ ನಿಮ್ ದೊಡ್ಡಪ್ಪ ಎಲ್ಲಿ, ನೀನೆಲ್ಲಿ? ಅವ್ನು ಉಳ್ಕೋಬೇಕು ಅಂದ್ರೆ ಕೋಟೆ ಬೀಳ್ಬೇಕು. ಬಿದ್ರೆ ಬಾಗ್ಲಲ್ಲಿ ನಮ್ ತವರ್ನೋನು ಸಾಯ್ತಾನೆ." ಅವಳ ದನಿ ಸಣ್ಣದಾಯಿತು. "ತವ್ರೂ ಉಳಿಬೇಕು, ಗಂಡನ ಮನೇನೂ ಉಳಿಬೇಕು. ಒಂದು ಗೊಂಬೇಲಿ ಅದಾಯ್ತದಾ ಅಂತ ನೋಡ್ತಿದ್ದೆ ಅಷ್ಟೆಯ."

ಆ ಹೊತ್ತು ನನಗಾದ ಸಂಕಟವನ್ನು ಹೇಗೆ ಬರೆಯಲಿ? ಐವತ್ತು ವರ್ಷ ಅವಳು ಆಡಿದ್ದು ಆಟವಾಗಿರಲಿಲ್ಲ. ತವರಿಗೂ ಗಂಡನ ಮನೆಗೂ ನಡುವೆ ನಿಂತ ಹೆಂಗಸರನ್ನು ನಾನೂ ಕಂಡಿದ್ದೆ. ಹಬ್ಬಕ್ಕೆ ಯಾವ ಮನೆಗೆ ಮೊದಲು ಹೋಗಲಿ ಎಂದು ಕಣ್ಣೀರು ಹಾಕಿದವರನ್ನು ಕಂಡಿದ್ದೆ. ಇನ್ನೂರು ವರ್ಷ ಹಿಂದಕ್ಕೆ ಹೋಗಿ ಇಬ್ಬರಿಗೂ ರಾಜಿ ಮಾಡಿಸಲು ನೋಡಿದವಳನ್ನು ಕಂಡಿರಲಿಲ್ಲ.

ಡೆನಿಸನಿಗೆ ಎಲ್ಲ ಹೇಳಿದೆ. ಅವನು ಕೋಟು ಹಾಕಿಕೊಂಡು, ಆರ್ಥರನ ಮನೆ ಬಾಗಿಲು ಬಡಿದ. ಅಲ್ಲಿಂದ ಚರ್ಚಿನ ಹಾಲಿಗೆ ಹೋದರೆ ಮೇಜು ಇನ್ನೂ ಹಾಗೇ ಇತ್ತು. ನಾವು ಮೂವರೂ ಕೂತೆವು. ಚರ್ಚಿನಲ್ಲಿ ಹಾಡು ಕೇಳುತ್ತಿತ್ತು.

ಬಾಗಿಲ ಕಾವಲಿನವನನ್ನು ಹಿಂದಕ್ಕೆ ಕರೆದೆವು. ಅವನು ಬದುಕಿದ, ಕೋಟೆ ಇನ್ನೂ ಬೇಗ ಬಿತ್ತು, ನುಗ್ಗಿದವರು ದೊಡ್ಡಮ್ಮನ ತವರಾದ ಬುಡದ ಹಳ್ಳಿಯನ್ನೂ ಬಿಡಲಿಲ್ಲ. ಬಿಳಿಯರ ಮದ್ದನ್ನು ಒದ್ದೆ ಮಾಡಿದೆವು. ಕೋಟೆ ನಿಂತಿತು, ದಂಡು ಗಾಡಿ ತಿರುಗಿಸಿತು. ಎತ್ತು ಕುಂಟಲ್ಲವೇ, ಅವನು ಹಾಗೂ ಉಳಿಯಬಹುದಲ್ಲವೇ ಎಂದು ನಾನು ಆಸೆಯಿಂದ ಕೇಳಿದೆ. ಆರ್ಥರ್ ಆ ಅಂಟಿದ ಜೋಡಿಯನ್ನು ಕೈಗೆತ್ತಿಕೊಂಡ.

"ಸೋತು ಹಿಂದಿರುಗುವ ದಂಡು ಕುಂಟೆತ್ತನ್ನು ಬಿಟ್ಟು ಹೋಗುವುದಿಲ್ಲ, ಮೇಡಂ. ಹಸಿದಿರುತ್ತದೆ. ಕಡಿದು ತಿನ್ನುತ್ತದೆ. ಆಮೇಲೆ ಅವನು ಯಾರಿಗಾಗಿ ಉಳಿಯುತ್ತಾನೆ?"

ಕತ್ತಲಾಗುವವರೆಗೆ ಆಡಿದೆವು. ಮೇರಿ ಟೀ ತಂದಳು, ನಾನು ಒಂದೇ ಏಟಿಗೆ ಬೇಕು ಎಂದೆ. ಕೋಟೆ ಉಳಿದರೆ ಅವನಿಲ್ಲ, ಅವನು ಉಳಿದರೆ ಕೋಟೆಯಿಲ್ಲ. ಕೊನೆಗೆ ಆರ್ಥರ್ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ನೀವು ಎರಡು ಗೊಂಬೆ ಜರುಗಿಸಿ. ನಾವು ಯಾರಿಗೂ ಹೇಳುವುದಿಲ್ಲ," ಎಂದ. ಅಂಥ ನಿಯಮದ ಮನುಷ್ಯ ಅಷ್ಟು ಹೇಳಿದ್ದೇ ದೊಡ್ಡದು. ಆದರೆ ದೊಡ್ಡಮ್ಮ ಒಂದು ಸಲವೂ ಎರಡು ಮುಟ್ಟಿದವಳಲ್ಲ. ನಾನು ಬೇಡ ಎಂದೆ. ಮೂವರೂ ಸೇರಿ ಎಲ್ಲವನ್ನೂ ನಡೆದ ಹಾಗೆ ಇಟ್ಟೆವು. ಗೋಡೆ ಒಡೆದಿತ್ತು, ಬಾಗಿಲಲ್ಲಿ ಕಾವಲಿನವನು ಮಲಗಿದ್ದ, ದಂಡು ಮೇಜಿನ ಅಂಚು ದಾಟಿ ಹೋಗಿತ್ತು. ಬೆಟ್ಟದ ಬುಡದಲ್ಲಿ ಅವನು ತನ್ನ ಎತ್ತಿಗೆ ಒರಗಿಕೊಂಡು ಇದ್ದ. ಡೆನಿಸ್ ಹಾಲಿನ ಪಕ್ಕದ ಅಡುಗೆಮನೆಯಿಂದ ಏನೋ ಕಾಳು ತಂದು ಅವನ ಮುಂದೆ ಹಾಕಿದ. ಹುರುಳಿಯಲ್ಲ, ಬಾರ್ಲಿ. ಇರಲಿ, ದೇಶಕ್ಕೆ ತಕ್ಕ ಮೇವು.

ಸೋಮವಾರ

ಹೊರಡುವ ದಿನ ಬೆಳಿಗ್ಗೆ ಮತ್ತೆ ಫೋನ್ ಮಾಡಿದೆ. ಏನು ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಕೊಂಡಿದ್ದದ್ದು ಅವಳ ದನಿ ಕೇಳಿದ ತಕ್ಷಣ ಮರೆತುಹೋಯಿತು.

"ಆಗಲಿಲ್ಲ ದೊಡ್ಡಮ್ಮ," ಎಂದೆ. "ಅವರಿಗೂ ಹೊಳೆಯಲಿಲ್ಲ. ಎಲ್ಲ ಮಾಡಿ ನೋಡಿದೆವು. ಕೋಟೆ ಬಿತ್ತು."

"ಅವ್ನು?"

"ಇದ್ದಾನೆ. ಎತ್ತಿನ ಜೊತೆಗೇ ಇದ್ದಾನೆ."

ದೊಡ್ಡಮ್ಮ ಒಂದು ಉಸಿರು ಬಿಟ್ಟಳು. ಬೂತಿನಲ್ಲಿ ಯಾರೋ ಚಿಲ್ಲರೆ ಕೇಳುತ್ತಿದ್ದರು, ರಸ್ತೆಯಲ್ಲಿ ಬಸ್ಸಿನ ಹಾರ್ನು, ಯಾರೋ ಸೊಪ್ಪು ಸೊಪ್ಪು ಎಂದು ಕೂಗುವುದು, ನಮ್ಮೂರು ಇಡಿಯಾಗಿ ಕಿವಿಯೊಳಗೆ ಬಂದು ಕೂತಿತ್ತು.

"ತವ್ರ ಬುಟ್ಟು ಬಂದೋಳು ನಾನು. ಇನ್ನೊಂದ್ಸಲ ಬುಟ್ರಾಯ್ತು," ಎಂದಳು. "ಬಿದ್ರೆ ಬೀಳ್ಲಿ ಬುಡು ಮಗ. ನೀನ್ ಬಾ. ಹಬ್ಬ ಬತ್ತಾ ಐತೆ, ಕಾಳು ನೆನೆ ಹಾಕ್ಬೇಕು."